ಕಡಲಾಚೆಯ ಅಜ್ಜಿ, ಬೆಳಗಿನ ಜಾವ ನಾಲ್ಕು ಗಂಟೆ

"ಇಷ್ಟು ಚಿಕ್ಕ ಮಗುವನ್ನು ಕಟ್ಟಿಕೊಂಡು ಅಷ್ಟು ದೂರ ಹೋಗ್ತೀರಾ? ಅವಳಿಗೆ ಏನು ನೆನಪಿರುತ್ತೆ ಅಂತ?"

ಟಿಕೆಟ್ ಮಾಡಿಸಿದ ದಿನದಿಂದ ಇದನ್ನು ಕೇಳದವರೇ ಇಲ್ಲ. ಕೇಳಿದವರೆಲ್ಲ ನಮ್ಮ ಒಳ್ಳೆಯದಕ್ಕೇ ಕೇಳಿದ್ದು. ದುಡ್ಡು ಖರ್ಚು, ನಿದ್ದೆಗೇಡು, ದಾರಿಯುದ್ದಕ್ಕೂ ಅಳು, ಅಲ್ಲಿಗೆ ಹೋದಮೇಲೆ ಜ್ವರವೋ ಶೀತವೋ. ಇಷ್ಟೆಲ್ಲ ಪಟ್ಟ ಮೇಲೂ ಮಗುವಿಗೆ ಒಂದು ಚೂರೂ ನೆನಪಿರುವುದಿಲ್ಲ ಅಂದರೆ ಯಾಕೆ ಬೇಕು ಈ ಉಸಾಬರಿ? ಸ್ವಲ್ಪ ದೊಡ್ಡವಳಾಗಲಿ, ಆಮೇಲೆ ಹೋದರಾಯಿತು. ಲೆಕ್ಕವೇನೋ ಸರಿಯಾಗಿಯೇ ಇದೆ. ಆದರೆ ಆ ಲೆಕ್ಕದಲ್ಲಿ ಆ ಕಡೆ ಕಾಯುತ್ತಾ ಕೂತವರ ವಯಸ್ಸು ಸೇರಿಲ್ಲ.

ನನ್ನ ಗಂಡನ ಮನೆಯವರು ಇರುವುದು ಕಡಲಾಚೆ. ಬೇರೆ ದೇಶ, ಬೇರೆ ಭಾಷೆ. ಯಾವ ದೇಶ ಅನ್ನುವುದು ಇಲ್ಲಿ ಬೇಡ. ಹೀಗೆ ಸಮುದ್ರದ ಆಚೆಗೆ ನೆಂಟಸ್ತನ ಮಾಡಿಕೊಂಡ ಎಲ್ಲರ ಮನೆಯ ಕತೆಯೂ ಹೆಚ್ಚುಕಮ್ಮಿ ಒಂದೇ. ಮಗಳು ಹುಟ್ಟಿದಾಗ ಅತ್ತೆ ಮಾವ ಬರುವ ಹಾಗಿರಲಿಲ್ಲ. ಇಬ್ಬರಿಗೂ ಆರೋಗ್ಯ ಅಷ್ಟಕ್ಕಷ್ಟೇ. ಮೊಮ್ಮಗಳು ಕೂತಿದ್ದು, ಅಂಬೆಗಾಲಿಟ್ಟಿದ್ದು, ನಡೆದದ್ದು ಎಲ್ಲವನ್ನೂ ಅವರು ನೋಡಿದ್ದು ಫೋನಿನ ಪರದೆಯಲ್ಲಿ. ಅದೂ ಅರ್ಧ ಹೊತ್ತು ಅವಳ ನೆತ್ತಿ, ಇನ್ನರ್ಧ ಹೊತ್ತು ನಮ್ಮ ಮನೆಯ ಫ್ಯಾನು.

ನೆನಪಿನ ವಿಷಯಕ್ಕೆ ಬರೋಣ. ದೊಡ್ಡವರನ್ನು ಕೂರಿಸಿಕೊಂಡು "ನಿಮ್ಮ ಮೊಟ್ಟಮೊದಲ ನೆನಪು ಯಾವುದು?" ಅಂತ ಕೇಳಿದರೆ ಬಹಳಷ್ಟು ಜನ ಹೇಳುವುದು ಮೂರು, ಮೂರೂವರೆ ವರ್ಷದ ಆಚೀಚಿನ ಘಟನೆ. ಅದಕ್ಕೂ ಹಿಂದಿನದು ಅಳಿಸಿಹೋಗಿರುತ್ತದೆ. ಎರಡು ವರ್ಷವೂ ತುಂಬದ ನನ್ನ ಮಗಳು ದೊಡ್ಡವಳಾದ ಮೇಲೆ ಈ ಪ್ರವಾಸದ ಬಗ್ಗೆ ಏನೂ ಹೇಳಲಾರಳು. ಒಪ್ಪಿದೆ. ಆದರೆ ಅಳಿಸಿಹೋಗುವುದು ಬೇರೆ, ಮೊದಲಿಂದ ನೆನಪೇ ಇರದಿರುವುದು ಬೇರೆ. ಕ್ಯಾರೊಲಿನ್ ರೋವೀ ಕೊಲಿಯರ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞೆ ಇದನ್ನು ಚೆನ್ನಾಗಿ ತೋರಿಸಿದ್ದರು. ತೊಟ್ಟಿಲ ಮೇಲೆ ತೂಗುವ ಆಟಿಕೆಗೆ ರಿಬ್ಬನ್ ಕಟ್ಟಿ, ಅದರ ಇನ್ನೊಂದು ತುದಿಯನ್ನು ಮಗುವಿನ ಕಾಲಿಗೆ ಕಟ್ಟುತ್ತಿದ್ದರು. ಕಾಲು ಒದ್ದರೆ ಆಟಿಕೆ ಕುಣಿಯುತ್ತದೆ ಅನ್ನುವುದನ್ನು ಮಗು ಬೇಗ ಕಲಿಯುತ್ತದೆ. ಮೂರು ತಿಂಗಳ ಕೂಸಿಗೆ ಆ ಪಾಠ ಸುಮಾರು ಒಂದು ವಾರ ನೆನಪಿರುತ್ತಿತ್ತು. ಇನ್ನೂ ದೊಡ್ಡ ಮಕ್ಕಳಿಗೆ ಸನ್ನೆಕೋಲು ಒತ್ತಿದರೆ ಓಡುವ ಆಟದ ರೈಲು ಕೊಟ್ಟು ನೋಡಿದರು. ಒಂದೂವರೆ ವರ್ಷದ ಮಕ್ಕಳು 13 ವಾರದ ತನಕ ನೆನಪಿಟ್ಟುಕೊಂಡರು. ನಡುವೆ ಒಂದಿಷ್ಟು ನೆನಪು ಮಾಡಿಕೊಟ್ಟರೆ ಇನ್ನೂ ಹೆಚ್ಚು ದಿನ ಉಳಿಯುತ್ತಿತ್ತು.

13 ವಾರ ಅಂದರೆ ಮೂರು ತಿಂಗಳು. ಮೂರು ತಿಂಗಳು ಅಜ್ಜಿಯ ಮುಖ ಮಗುವಿನೊಳಗೆ ಇರಬಹುದು, ನಡುನಡುವೆ ಫೋನಿನಲ್ಲಿ ಕಂಡರೆ ಇನ್ನೂ ಹೆಚ್ಚು ದಿನ ಇರಬಹುದು ಅಂದರೆ ನನಗೆ ಅದು ಕಮ್ಮಿ ಅನ್ನಿಸಲಿಲ್ಲ. ಆಟದ ರೈಲಿಗೂ ಅಜ್ಜಿಗೂ ಒಂದೇ ಲೆಕ್ಕ ಹಾಕಬಹುದೇ ಅಂತ ಕೇಳಬೇಡಿ. ಹೊರಡಬೇಕು ಅಂತ ಆಗಲೇ ತೀರ್ಮಾನಿಸಿದವರಿಗೆ ಕಾರಣಗಳು ಹೀಗೇ ಸಿಗುತ್ತವೆ.

ವಿಮಾನದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಮಗುವಿನ ಜೊತೆ ಹೊರದೇಶಕ್ಕೆ ಹೋದವರೆಲ್ಲ ಬರೆಯುವುದು ಅದೊಂದನ್ನೇ, ಹನ್ನೆರಡೋ ಹದಿನಾಲ್ಕೋ ಗಂಟೆಯ ಹಾರಾಟವೇ ಇಡೀ ಪ್ರವಾಸ ಅನ್ನುವ ಹಾಗೆ. ಅದು ಮುಗಿದುಹೋಗುತ್ತದೆ. ಗೊತ್ತಿದ್ದರೆ ಒಳ್ಳೆಯದು ಅನ್ನುವಂಥ ಒಂದೆರಡು ವಿಷಯ ಮಾತ್ರ ಹೇಳಿ ಮುಂದಕ್ಕೆ ಹೋಗುತ್ತೇನೆ. ಎರಡು ವರ್ಷ ತುಂಬುವ ತನಕ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೋಗಬಹುದು. ಹೊರದೇಶದ ಪ್ರಯಾಣಕ್ಕೆ ಸಾಮಾನ್ಯವಾಗಿ ದೊಡ್ಡವರ ದರದ ಶೇಕಡಾ 10ರ ಆಸುಪಾಸು ಕಟ್ಟಿದರೆ ಸಾಕು. ಆದರೆ ಹೋಗುವಾಗ ಎರಡು ತುಂಬದೆ, ಬರುವಷ್ಟರಲ್ಲಿ ತುಂಬಿದರೆ ವಾಪಸು ಬರುವುದಕ್ಕೆ ಪೂರ್ತಿ ಸೀಟು ತೆಗೆದುಕೊಳ್ಳಬೇಕು. ಎರಡನೇ ಹುಟ್ಟುಹಬ್ಬವನ್ನು ಅಜ್ಜಿಯ ಮನೆಯಲ್ಲೇ ಮಾಡೋಣ ಅನ್ನುವ ಆಸೆ ಇದ್ದವರು ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಮುಂದಿನ ಸಾಲಿನ ಗೋಡೆಗೆ ಸಿಗಿಸುವ ಬ್ಯಾಸಿನೆಟ್ ಅನ್ನುವ ಪುಟ್ಟ ತೊಟ್ಟಿಲು ಕೂಸುಗಳಿಗೆ ಮಾತ್ರ. ನಡೆಯುವ ಮಗು ಅದರಲ್ಲಿ ಹಿಡಿಸುವುದಿಲ್ಲ. ಹಿಡಿಸಿದರೂ ಸುಮ್ನೆ ಮಲಗುವುದಿಲ್ಲ.

ಇನ್ನು ಕಿವಿ. ವಿಮಾನ ಎಷ್ಟೇ ಮೇಲೆ ಹಾರಲಿ, ಒಳಗಿನ ಗಾಳಿಯ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲೆ ಇರುವಷ್ಟೇ ಇರುತ್ತದೆ. ಇಳಿಯುವಾಗ ಆ ಒತ್ತಡ ಮತ್ತೆ ಏರುತ್ತದೆ. ಮೂಗಿನ ಹಿಂಭಾಗದಿಂದ ಕಿವಿಯ ಒಳಗೆ ಹೋಗುವ ನಾಳ ಚಿಕ್ಕ ಮಕ್ಕಳಲ್ಲಿ ಸಪೂರ, ಇಳಿಜಾರೂ ಕಮ್ಮಿ. ಅದಕ್ಕೇ ಅವರಿಗೆ ನೋವು ಜಾಸ್ತಿ, ಅದೂ ಹತ್ತುವಾಗಿನದಕ್ಕಿಂತ ಇಳಿಯುವಾಗ. ನುಂಗಿದರೆ ನಾಳ ತೆರೆದುಕೊಳ್ಳುತ್ತದೆ. ಆದ್ದರಿಂದ ನೆಲ ಮುಟ್ಟುವುದಕ್ಕೆ ಅರ್ಧ ಗಂಟೆ ಮೊದಲೇ, ಮಲಗಿದ ಮಗುವನ್ನು ಎಬ್ಬಿಸಿ ಏನಾದರೂ ಕುಡಿಸಬೇಕು. ಮಲಗಿದ ಮಗುವನ್ನು ಎಬ್ಬಿಸುವುದೇ? ಅಷ್ಟು ಹೊತ್ತು ಅತ್ತು ಈಗ ತಾನೇ ಮಲಗಿದವಳನ್ನು? ಹೌದು, ಎಬ್ಬಿಸಬೇಕು. ಪಕ್ಕದ ಸೀಟಿನವರ ನೋಟ ನೋಡಬೇಡಿ.

ಕಷ್ಟದ ಭಾಗ ಶುರುವಾಗುವುದು ಬಾಗಿಲು ತೆರೆದ ಮೇಲೆ.

ಅಷ್ಟು ದಿನ ಕಾದವರು ಕೈ ಚಾಚುತ್ತಾರೆ. ಚಾಚದೆ ಏನು ಮಾಡುತ್ತಾರೆ? ಮಗು ಕಿರುಚಿಕೊಂಡು ಅಮ್ಮನ ಕುತ್ತಿಗೆಗೆ ಜೋತುಬೀಳುತ್ತದೆ. ನಮ್ಮನೆಯಲ್ಲೂ ಆದದ್ದು ಅದೇ. ಏಳೆಂಟು ತಿಂಗಳಿಗೆ ಶುರುವಾಗುವ ಹೊಸಬರ ಹೆದರಿಕೆ ಎರಡನೇ ವರ್ಷದಲ್ಲೂ ಹೋಗಿರುವುದಿಲ್ಲ. ಅದು ಆ ವಯಸ್ಸಿನ ಧರ್ಮ. ಅತ್ತೆಯ ಮುಖ ಸಣ್ಣದಾಯಿತು. "ಪರವಾಗಿಲ್ಲ, ಪರವಾಗಿಲ್ಲ" ಅಂತ ಅವರೇ ಎಲ್ಲರಿಗೂ ಸಮಾಧಾನ ಹೇಳಿದರು. ಮಾವ ಮಾತ್ರ ಕೈ ಚಾಚಲೂ ಇಲ್ಲ, ಹತ್ತಿರ ಬರಲೂ ಇಲ್ಲ. ನಮ್ಮ ಪೆಟ್ಟಿಗೆಗಳನ್ನು ಒಂದೊಂದಾಗಿ ಒಳಗೆ ಎಳೆದುಕೊಂಡು ಹೋದರು. ಮಗಳು ಅಳು ನಿಲ್ಲಿಸಿ ನೋಡಿದ್ದು ಆ ಪೆಟ್ಟಿಗೆಯ ಚಕ್ರಗಳನ್ನು.

ಇಂಥ ಹೊತ್ತಿನಲ್ಲಿ ತಾಯಂದಿರಾದ ನಾವು ಮಾಡುವ ಒಂದು ಕೆಲಸವಿದೆ. ನಾವು ಮಗುವಿನ ವಕೀಲರಾಗಿಬಿಡುತ್ತೇವೆ. "ಅವಳಿಗೆ ನಿದ್ದೆ ಬಂದಿದೆ, ಅದಕ್ಕೇ ಹೀಗೆ." "ಎಲ್ಲರ ಹತ್ತಿರವೂ ಹೀಗೇ ಮಾಡುತ್ತಾಳೆ." "ಎತ್ತಿಕೊಂಡು ನಿಂತುಬಿಡಿ, ಕೂತರೆ ಅಳುತ್ತಾಳೆ." ಅವಳ ಪ್ರತಿ ಸದ್ದಿಗೂ ಅರ್ಥ ಹೇಳುತ್ತಾ, ಅವಳಿಗೂ ಅವರಿಗೂ ನಡುವೆ ನಿಂತುಕೊಳ್ಳುತ್ತೇವೆ. ನನ್ನ ಗಂಡ ಆಗಲೇ ಇನ್ನೊಂದು ನಡುವಿನ ಕೆಲಸ ಹಿಡಿದಿದ್ದ. ನಾನು ಹೇಳಿದ್ದು ಅವರಿಗೆ, ಅವರು ಹೇಳಿದ್ದು ನನಗೆ. ಅವರ ಭಾಷೆ ನನಗೆ ಅರ್ಧಂಬರ್ಧ ಬರುತ್ತದೆ. ಅರ್ಥವಾಗುವಷ್ಟು ಮಾತಾಡಲು ಬರುವುದಿಲ್ಲ. ಊಟದ ಮೇಜಿನಲ್ಲಿ ಎಲ್ಲರೂ ನಕ್ಕ ಮೇಲೆ ನಾನು ನಗುತ್ತಿದ್ದೆ. ಒಂದು ವಾಕ್ಯ ತಡವಾಗಿ.

ಮೊದಲ ರಾತ್ರಿಗಳದ್ದು ಹೇಳುವ ಹಾಗಿಲ್ಲ. ನಮ್ಮ ಮೈಯೊಳಗಿನ ಗಡಿಯಾರ ಮಿದುಳಿನಲ್ಲಿ, ಎರಡು ಕಣ್ಣುಗಳ ನರ ಒಂದನ್ನೊಂದು ದಾಟುವ ಜಾಗದ ಮೇಲೆಯೇ ಇದೆ. ಬೆಳಕು ನೋಡಿ ತನ್ನನ್ನು ತಾನು ತಿದ್ದಿಕೊಳ್ಳುತ್ತದೆ. ಆದರೆ ಆತುರದಿಂದ ಅಲ್ಲ. ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಸರಿದರೆ ಅದೇ ದೊಡ್ಡದು. ಎಂಟು ಗಂಟೆಯ ವ್ಯತ್ಯಾಸ ಇರುವ ಕಡೆಗೆ ಹೋದರೆ ಪೂರ್ತಿ ಹೊಂದಿಕೊಳ್ಳಲು ಒಂದು ವಾರ ಬೇಕು. ಆ ಗಡಿಯಾರದ ಸಹಜ ಸುತ್ತು 24 ಗಂಟೆಗಿಂತ ಚೂರು ಉದ್ದ. ಹಾಗಾಗಿ ದಿನ ಹಿಗ್ಗುವ ಪಶ್ಚಿಮದ ಪ್ರಯಾಣವೇ ಸುಲಭ, ದಿನ ಕುಗ್ಗುವ ಪೂರ್ವದ್ದು ಕಷ್ಟ. ದೊಡ್ಡವರು ಕಣ್ಣು ಮುಚ್ಚಿಕೊಂಡು ಬಿದ್ದುಕೊಂಡಾದರೂ ಇರಬಹುದು. ಮಗುವಿಗೆ ಅದು ಗೊತ್ತಿಲ್ಲ. ನಾಲ್ಕು ಗಂಟೆಗೆ ಎಚ್ಚರವಾದರೆ ಅದಕ್ಕೆ ಬೆಳಗಾದಂತೆಯೇ.

ಮನೆಯವರ ನಿದ್ದೆ ಕೆಡಬಾರದು ಅಂತ ನಾನು ಬಾಗಿಲು ಹಾಕಿಕೊಂಡು, ದೀಪ ಹಚ್ಚದೆ, ಅವಳ ಬಾಯಿಗೆ ಬೆರಳಿಟ್ಟು ಶ್ ಶ್ ಅನ್ನುತ್ತಾ ಕೂರುತ್ತಿದ್ದೆ. ಗಂಡ ತಾನು ಹುಟ್ಟಿ ಬೆಳೆದ ಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದ. ಒಂದು ದಿನ ಹಾಗೆ ಕೂತಿರುವಾಗ ಬಾಗಿಲು ಮೆಲ್ಲಗೆ ಬಡಿದ ಸದ್ದಾಯಿತು. ತೆರೆದರೆ ಅತ್ತೆ. ಮೈಮೇಲೆ ಶಾಲು, ಹಿಂದೆ ಅಡುಗೆಮನೆಯ ಬೆಳಕು. ಅವರು ಆಗಲೇ ಎದ್ದು ಎಷ್ಟೋ ಹೊತ್ತಾಗಿತ್ತು. ವಯಸ್ಸಾದವರ ನಿದ್ದೆ ಬೇಗ ಮುಗಿಯುತ್ತದೆ. ಆ ಮನೆಯಲ್ಲಿ ನಾಲ್ಕು ಗಂಟೆಗೆ ಎಚ್ಚರವಿರುವ ಇನ್ನೊಬ್ಬರು ಇದ್ದಾರೆ ಅನ್ನುವುದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ.

ಅವರು ಏನೂ ಹೇಳಲಿಲ್ಲ. ಒಂದು ಬೆರಳು ಮಾತ್ರ ಮುಂದೆ ಹಿಡಿದರು, ಮಗುವಿನ ಎತ್ತರಕ್ಕೆ.

ಮಗಳು ಆ ಬೆರಳನ್ನು ನೋಡಿದಳು. ಆಮೇಲೆ ತಿರುಗಿ ನನ್ನ ಮುಖ ನೋಡಿದಳು.

ಈ ನೋಟದ ಬಗ್ಗೆ ಸ್ವಲ್ಪ ಹೇಳಲೇಬೇಕು. 1985ರಲ್ಲಿ ಮನಶ್ಶಾಸ್ತ್ರಜ್ಞ ಜೇಮ್ಸ್ ಸೋರ್ಸ್ ಮತ್ತು ಜೊತೆಗಾರರು ಒಂದು ಪ್ರಯೋಗ ಪ್ರಕಟಿಸಿದರು. ದಪ್ಪ ಗಾಜಿನ ಮೇಜು. ಅರ್ಧದವರೆಗೆ ಗಾಜಿನ ಕೆಳಗೇ ಚೌಕಳಿ ಬಟ್ಟೆ, ಅಲ್ಲಿಂದ ಮುಂದೆ ಆ ಬಟ್ಟೆ ಒಂದಡಿ ಕೆಳಗೆ. ನೋಡಿದರೆ ಮುಂದೆ ಮೆಟ್ಟಿಲಿನಂಥ ಇಳಿತ ಇದೆ ಅನ್ನಿಸುತ್ತದೆ. ಒಂದು ವರ್ಷದ ಮಗು ಅಂಬೆಗಾಲಿಡುತ್ತಾ ಅಲ್ಲಿಗೆ ಬಂದು ನಿಲ್ಲುತ್ತದೆ. ಎದುರಿಗೆ ಅಮ್ಮ. ದಾಟಲೋ ಬೇಡವೋ ಗೊತ್ತಾಗದೆ ಮಗು ಅಮ್ಮನ ಮುಖ ನೋಡುತ್ತದೆ. ಅಮ್ಮ ನಗುಮುಖ ಮಾಡಿದಾಗ 19 ಮಕ್ಕಳಲ್ಲಿ 14 ದಾಟಿದವು. ಅಮ್ಮ ಹೆದರಿದ ಮುಖ ಮಾಡಿದಾಗ 17ರಲ್ಲಿ ಒಂದೂ ದಾಟಲಿಲ್ಲ. ಅಮ್ಮಂದಿರು ಬಾಯಿ ತೆರೆದು ಏನೂ ಹೇಳಿರಲಿಲ್ಲ. ಬರೀ ಮುಖ.

ಅತ್ತೆಗೂ ನನಗೂ ಜಗಳವೇನಿಲ್ಲ. ಆದರೆ ಸಲಿಗೆಯೂ ಇರಲಿಲ್ಲ. ಅವರ ಎದುರು ನನ್ನ ಮುಖ ಯಾವಾಗಲೂ ಸ್ವಲ್ಪ ಬಿಗಿದುಕೊಂಡಿರುತ್ತದೆ. ಭಾಷೆ ಬಾರದ ಮನೆಯಲ್ಲಿ ಎಲ್ಲರಿಗೂ ಹಾಗೇ ಇರಬಹುದು. ಆ ಬಿಗಿಯನ್ನು ಗಂಡ ಗಮನಿಸಿರಲಿಕ್ಕಿಲ್ಲ. ಅತ್ತೆ ಗಮನಿಸಿದರೂ ಹೇಳುವವರಲ್ಲ. ಆದರೆ ಮೂರಡಿಯೂ ಇಲ್ಲದ ಒಬ್ಬಳು ಬಂದ ದಿನದಿಂದ ಅದನ್ನೇ ಓದುತ್ತಿದ್ದಳು. ಈ ಮನೆಯಲ್ಲಿ ಎಷ್ಟು ಹುಷಾರಾಗಿರಬೇಕು ಅನ್ನುವುದು ಅವಳಿಗೆ ಗೊತ್ತಾಗುತ್ತಿದ್ದದ್ದು ನನ್ನ ಹಣೆಯ ಗೆರೆಯಿಂದ. ನಾನು "ಹೋಗು ಪುಟ್ಟಾ, ಅಜ್ಜಿ ಅಲ್ವಾ" ಅಂತ ಎಷ್ಟು ಸಲ ಅಂದರೂ ಅವಳು ಹೋಗಿರಲಿಲ್ಲ. ಈಗ ನಾಲ್ಕು ಗಂಟೆಯಲ್ಲಿ, ನಿದ್ದೆಗೆಟ್ಟ ಮುಖದಲ್ಲಿ, ಬಿಗಿ ಹಿಡಿಯುವ ಶಕ್ತಿಯೂ ನನ್ನಲ್ಲಿ ಉಳಿದಿರಲಿಲ್ಲ. ಮನೆಯಲ್ಲಿ ಇನ್ನೊಬ್ಬರು ಎದ್ದಿದ್ದಾರಲ್ಲ ಅನ್ನುವ ಸಮಾಧಾನಕ್ಕೆ ನಕ್ಕುಬಿಟ್ಟೆ.

ಅವಳು ಬೆರಳು ಹಿಡಿದುಕೊಂಡು ಹೋದಳು. ಹಿಂದೆ ತಿರುಗಿಯೂ ನೋಡಲಿಲ್ಲ.

ತುಸು ಹೊತ್ತಿನ ಮೇಲೆ ತಡೆಯಲಾರದೆ ಎದ್ದುಹೋಗಿ ಪಡಸಾಲೆಯ ಕತ್ತಲಲ್ಲಿ ನಿಂತು ನೋಡಿದೆ. ಅತ್ತೆ ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ಮಂಡಿ ನೋವಿನವರು, ಹೇಗೆ ಕೂತರೋ, ಹೇಗೆ ಏಳುತ್ತಾರೋ. ಸುತ್ತ ಖಾಲಿ ಡಬ್ಬಗಳು, ಮುಚ್ಚಳಗಳು. ಮಗಳು ದೊಡ್ಡ ಡಬ್ಬಕ್ಕೆ ಚಿಕ್ಕ ಮುಚ್ಚಳ ಇಟ್ಟಳು. ಅದು ಒಳಗೆ ಬಿದ್ದುಹೋಯಿತು. ತೆಗೆದು ಮತ್ತೆ ಅದನ್ನೇ ಇಟ್ಟಳು. ಮತ್ತೆ ಬಿತ್ತು. ಸರಿಯಾದ ಮುಚ್ಚಳ ಅತ್ತೆಯ ಕೈಯಲ್ಲೇ ಇತ್ತು. ನಾನಾಗಿದ್ದರೆ ಮೊದಲನೇ ಸಲವೇ "ಇದು ನೋಡು, ಇದು" ಅಂತ ಕೊಟ್ಟಿರುತ್ತಿದ್ದೆ. ಅವರು ಕೊಡಲಿಲ್ಲ. ಮುಚ್ಚಳ ಬಿದ್ದಾಗಲೆಲ್ಲ ಬಾಯಿ ತೆರೆದು ಆಶ್ಚರ್ಯಪಟ್ಟರು, ಅಷ್ಟೇ. ಅವಳು ಬೀಳಿಸುವುದಕ್ಕಾಗಿಯೇ ಹಾಕತೊಡಗಿದಳು. ಇಬ್ಬರೂ ಸದ್ದು ಮಾಡದೆ ನಗುತ್ತಿದ್ದರು.

ನಾನು ವಾಪಸು ಬಂದು ಮಲಗಿದೆ. ನಿದ್ದೆ ಬಂದೇ ಬಂತು.

ಅಲ್ಲಿಂದ ಮುಂದೆ ದಿನಾ ಅದೇ. ಮಗಳ ಗಡಿಯಾರ ಸರಿಹೋದ ಮೇಲೂ ಅವಳು ನಸುಕಿನಲ್ಲಿ ಏಳುವುದನ್ನು ಬಿಡಲಿಲ್ಲ. ಅತ್ತೆಯೇ ಎಬ್ಬಿಸುತ್ತಿದ್ದರೋ ಏನೋ ಅಂತ ನನಗೆ ಈಗಲೂ ಗುಮಾನಿ ಇದೆ. ಅಲ್ಲಿ ಏನೇನು ನಡೆಯುತ್ತಿತ್ತು ಅನ್ನುವುದು ಗೊತ್ತಿಲ್ಲ. ಫೋಟೋ ಇಲ್ಲ, ವಿಡಿಯೋ ಇಲ್ಲ. ಪ್ರವಾಸದ ಆಲ್ಬಮಿನಲ್ಲಿ ಎಲ್ಲರೂ ಸಾಲಾಗಿ ನಿಂತ ಚಿತ್ರಗಳಿವೆ. ಅದರಲ್ಲಿ ಮಗಳು ಒಂದೋ ಅಳುತ್ತಿದ್ದಾಳೆ, ಇಲ್ಲವೋ ಬೇರೆಲ್ಲೋ ನೋಡುತ್ತಿದ್ದಾಳೆ.

ಆಮೇಲೆ ನಾನು ಬೇಕೆಂದೇ ಸರಿದು ನಿಲ್ಲಲು ಶುರುಮಾಡಿದೆ. ಇದು ಹೇಳಿದಷ್ಟು ಸುಲಭವಲ್ಲ. ಹೆತ್ತವಳಿಗೆ ಮಗುವಿನ ವಿಷಯದಲ್ಲಿ ಒಂದು ಅಧಿಕಾರ ಇರುತ್ತದೆ. ಬೇರೆಲ್ಲ ವಿಷಯದಲ್ಲೂ ಹೊರಗಿನವಳಾಗಿರುವ ಮನೆಯಲ್ಲಿ ಅದೊಂದೇ ಅಧಿಕಾರ ಇರುವುದು. ಯಾವ ಪಾತ್ರೆ ಎಲ್ಲಿದೆ ಗೊತ್ತಿಲ್ಲ, ಯಾವ ನೆಂಟರು ಯಾರಿಗೆ ಏನಾಗಬೇಕು ಗೊತ್ತಿಲ್ಲ, ಜೋಕು ಗೊತ್ತಾಗುವುದಿಲ್ಲ. ಆದರೆ ಮಗು ಯಾಕೆ ಅಳುತ್ತಿದೆ ಅನ್ನುವುದು ನನಗೊಬ್ಬಳಿಗೇ ಗೊತ್ತು. ಅದನ್ನು ಬಿಟ್ಟುಕೊಟ್ಟರೆ ನನ್ನ ಕೈಯಲ್ಲಿ ಇನ್ನೇನು ಉಳಿಯಿತು? ದೂರದ ಅತ್ತೆಮನೆಗೆ ಹೋಗಿಬಂದ ಗೆಳತಿಯರು "ಅವರು ನನ್ನ ಮಗುವನ್ನು ನನ್ನ ಮಾತು ಕೇಳದೆ ಹಾಗೆ ಮಾಡಿದರು, ಹೀಗೆ ಮಾಡಿದರು" ಅಂತ ಹೇಳುವಾಗ ಅದರೊಳಗೆ ಅರ್ಧ ಈ ಸಂಕಟವೇ ಇರುತ್ತದೆ ಅಂತ ನನ್ನ ಅನುಮಾನ. ಇನ್ನರ್ಧ ನಿಜವಾದ ದೂರೇ ಇರಬಹುದು.

ಎಲ್ಲವನ್ನೂ ಬಿಟ್ಟುಕೊಡಬೇಕಾಗಿಲ್ಲ. ನಾನು ಬಿಡದೆ ಹಿಡಿದುಕೊಂಡದ್ದು ಕೆಲವೇ ಕೆಲವು. ಒಂದು, ಮಾತ್ರೆಗಳು. ವಯಸ್ಸಾದವರ ಮನೆಯಲ್ಲಿ ರಕ್ತದೊತ್ತಡದ್ದು, ಸಕ್ಕರೆ ಕಾಯಿಲೆಯದ್ದು ಅಂತ ಮಾತ್ರೆಗಳು ಕೈಗೆ ಸಿಗುವ ಕಡೆಯೇ ಇರುತ್ತವೆ. ಮರೆಯದಿರಲಿ ಅಂತ ಅವರು ಅವನ್ನು ಕಣ್ಣೆದುರು ಇಟ್ಟುಕೊಂಡಿರುತ್ತಾರೆ, ದಿಂಬಿನ ಪಕ್ಕ, ಊಟದ ಮೇಜಿನ ಮೇಲೆ, ಕೈಚೀಲದಲ್ಲಿ. ಬೆರಳಿಗೆ ಸುಲಭವಾಗಿ ತೆರೆಯಲಿ ಅಂತ ಮುಚ್ಚಳವೂ ಸಡಿಲ. ಮಕ್ಕಳು ಔಷಧಿ ನುಂಗಿ ಆಸ್ಪತ್ರೆ ಸೇರುವುದರಲ್ಲಿ ಅಜ್ಜ ಅಜ್ಜಿಯರ ಮಾತ್ರೆಗಳ ಪಾಲು ಸಣ್ಣದಲ್ಲ. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳಂತೂ ಪುಟ್ಟ ಮಗುವಿಗೆ ಒಂದೇ ಒಂದು ಸಾಕು ಅಪಾಯಕ್ಕೆ. ಅದನ್ನು ಮಾತ್ರ ಬಂದ ದಿನವೇ ಗಂಡನ ಬಾಯಲ್ಲಿ ಹೇಳಿಸಿ ಎತ್ತರದ ಕಪಾಟಿಗೆ ಸೇರಿಸಿದೆವು. ಇನ್ನೊಂದು, ಕಾರಿನಲ್ಲಿ ಮಗುವಿನ ಸೀಟು. ಎಷ್ಟೇ ಹತ್ತಿರದ ದಾರಿಯಾಗಲಿ, ತೊಡೆಯ ಮೇಲೆ ಕೂರಿಸಿಕೊಂಡು ಹೋಗುವುದಿಲ್ಲ. ಹಾಗೆಯೇ ಬಿಸಿನೀರು, ನೀರಿನ ತೊಟ್ಟಿ.

ಮಿಕ್ಕದ್ದೆಲ್ಲ ಬಿಟ್ಟೆ. ಮಲಗುವ ಹೊತ್ತು ಹೋಯಿತು. ಒಂದು ಸಿಹಿ ಜಾಸ್ತಿ ಹೋಯಿತು. ಈ ವಯಸ್ಸಿಗೆ ಟೀವಿ ಬೇಡ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು. ಎರಡು ತುಂಬಿದ ಮೇಲೂ ದಿನಕ್ಕೆ ಒಂದು ಗಂಟೆ ದಾಟಬಾರದಂತೆ. ಮನೆಯಲ್ಲಿ ನಾನು ಅದನ್ನು ಕಟ್ಟುನಿಟ್ಟಾಗಿ ಪಾಲಿಸುತ್ತೇನೆ. ಅಲ್ಲಿ ಮಾವ ಸಂಜೆ ವಾರ್ತೆ ನೋಡುವಾಗ ಅವಳು ಅವರ ಪಕ್ಕ ಹೋಗಿ ಕೂರುತ್ತಿದ್ದಳು. ಅವಳಿಗೆ ವಾರ್ತೆ ಬೇಕಿರಲಿಲ್ಲ. ಅವರ ಕನ್ನಡಕದ ಡಬ್ಬಿ ಬೇಕಿತ್ತು, ಟಪ್ ಅಂತ ಮುಚ್ಚುವುದಕ್ಕೆ. ಎದ್ದು ಹೋಗಿ ಟೀವಿ ಆರಿಸಲಿಲ್ಲ ನಾನು.

ಮಾವನ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಅವರು ಕೊನೆಯವರೆಗೂ ಅವಳನ್ನು "ಬಾ" ಅಂತ ಕರೆಯಲಿಲ್ಲ. ತಮ್ಮ ಪಾಡಿಗೆ ತಾವು ಕೆಲಸ ಮಾಡಿಕೊಂಡಿರುತ್ತಿದ್ದರು. ಒಣಗಿದ ಬಟ್ಟೆ ತೆಗೆಯುವಾಗ ಕ್ಲಿಪ್ಪುಗಳನ್ನು ತಗಡಿನ ಡಬ್ಬಕ್ಕೆ ಹಾಕುತ್ತಾ ಎಣಿಸುವುದು ಅವರ ಅಭ್ಯಾಸ. ಕ್ಲಿಪ್ಪು ಬಿದ್ದಾಗ ಠಣ್ ಅನ್ನುವ ಸದ್ದಿಗೆ ಇವಳು ಹೋಗಿ ನಿಂತಳು. ಅವರು ಎಣಿಕೆ ನಿಲ್ಲಿಸದೆ ಒಂದು ಕ್ಲಿಪ್ಪು ಅವಳ ಕೈಗೆ ಕೊಟ್ಟರು. ಅವಳು ಹಾಕಿದಳು. ಆಮೇಲೆ ಅದು ಇಬ್ಬರ ಕೆಲಸವಾಯಿತು. ಅವರು ಒಂದು ಸಂಖ್ಯೆ ಹೇಳಿ ಕಾಯುತ್ತಿದ್ದರು. ಅವಳು ಮುಂದಿನದನ್ನು ತನಗೆ ತಿಳಿದ ಹಾಗೆ ಕೂಗುತ್ತಿದ್ದಳು. ಸರಿ ತಪ್ಪು ಯಾರು ಕೇಳಿದರು? ನನಗೆ ಆ ಭಾಷೆಯಲ್ಲಿ ಎಷ್ಟೋ ವರ್ಷದಿಂದ ತೊಡಕುವ ಒಂದು ಸದ್ದನ್ನು ಅವಳು ಡಬ್ಬದ ಪಕ್ಕ ನಿಂತು ಸಲೀಸಾಗಿ ಅಂದುಬಿಟ್ಟಳು. ನಿಜ ಹೇಳುತ್ತೇನೆ, ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಫೋನಿನಲ್ಲಿ ಇದೇ ಸಂಖ್ಯೆಗಳನ್ನು ಮಾವ ಎಷ್ಟೋ ಸಲ ಹೇಳಿಕೊಟ್ಟಿದ್ದರು. ಒಂದೂ ಹತ್ತಿರಲಿಲ್ಲ. ಕೂಸುಗಳು ಮಾತು ಕಲಿಯುವ ಬಗೆಯನ್ನು ಅಧ್ಯಯನ ಮಾಡಿದ ವಿಜ್ಞಾನಿ ಪೆಟ್ರೀಷಿಯಾ ಕೂಲ್ ಮತ್ತು ಜೊತೆಗಾರರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಹೀಗೇ ಆಗಿತ್ತು. ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಕೂಸುಗಳಿಗೆ 12 ಸಲ ಚೀನಾದ ಮ್ಯಾಂಡರಿನ್ ಭಾಷೆ ಕೇಳಿಸಿದರು. ಎದುರಿಗೆ ಕೂತು ಆಡಿಸುತ್ತಾ ಮಾತಾಡಿದವರಿಂದ ಕೂಸುಗಳು ಆ ಭಾಷೆಯ ಸದ್ದುಗಳನ್ನು ಗುರುತಿಸಲು ಕಲಿತವು. ಅದೇ ಜನ, ಅದೇ ಮಾತು, ಆದರೆ ಟೀವಿಯಲ್ಲಿ ತೋರಿಸಿದಾಗ ಏನೂ ಕಲಿಯಲಿಲ್ಲ. ಧ್ವನಿ ಮಾತ್ರ ಕೇಳಿಸಿದಾಗಲೂ ಅಷ್ಟೇ. ವಿಡಿಯೋ ಕರೆಯಲ್ಲಿ ಆ ಕಡೆಯವರು ಉತ್ತರಿಸುತ್ತಾರೆ, ಅದು ಟೀವಿಯಷ್ಟು ಕೆಟ್ಟದಲ್ಲ. ಆದರೂ ಡಬ್ಬಕ್ಕೆ ಬೀಳುವ ಕ್ಲಿಪ್ಪು ಫೋನಿನಲ್ಲಿ ಎಲ್ಲಿಂದ ಬರಬೇಕು?

ಗಂಡನ ವಿಷಯ. ನನ್ನ ಮಗುವನ್ನು ಅವನ ಮನೆಗೆ ಕರೆದುಕೊಂಡು ಹೋಗುತ್ತಿದ್ದೇನೆ ಅಂದುಕೊಂಡಿದ್ದೆ. ಹೋದಮೇಲೆ ನೋಡಿದರೆ ಅವನೂ ಅಲ್ಲಿ ಮಗುವೇ. ಬಡಿಸುವ ತನಕ ಏಳುವುದಿಲ್ಲ. ಒದ್ದೆ ಟವೆಲು ಎಲ್ಲೆಂದರಲ್ಲಿ. ಹಳೇ ಗೆಳೆಯರು ಕರೆದರು ಅಂತ ಸಂಜೆ ಹೊರಟೇಬಿಡುತ್ತಾನೆ. ಮೊದಮೊದಲು ಸಿಟ್ಟು ಬಂತು. ಆಮೇಲೆ ಒಂದು ವಿಷಯ ಗಮನಿಸಿದೆ. ಅವನ ಧ್ವನಿಯೇ ಅಲ್ಲಿ ಬೇರೆ, ಸ್ವಲ್ಪ ದಪ್ಪ, ಸ್ವಲ್ಪ ಜೋರು. ನಮ್ಮಲ್ಲಿ ಯೋಚಿಸಿ ಮಾತಾಡುವವನು ಅಲ್ಲಿ ಯೋಚಿಸದೆ ಮಾತಾಡುತ್ತಾನೆ, ಜನರ ಮಾತು ಕಡಿದು ಹಾಕುತ್ತಾನೆ, ಹಾಡುತ್ತಾನೆ. ಆದರೆ ನಾನು ಕೋಣೆಗೆ ಬಂದ ಕೂಡಲೇ ದುಭಾಷಿಯ ಕೆಲಸ ನೆನಪಾಗಿ ನಿಧಾನವಾಗುತ್ತಿದ್ದ. ಎರಡೂ ಕಡೆಯ ಮಾತು ಹೊತ್ತು ಹೊತ್ತು ಅವನಿಗೂ ಸಾಕಾಗುತ್ತಿತ್ತು. ಒಂದು ಸಂಜೆ "ನನಗೆ ಎಲ್ಲ ಹೇಳಬೇಡ, ನೀನು ಸುಮ್ನೆ ಮಾತಾಡು" ಅಂದೆ. ಮೂಲೆಯಲ್ಲಿ ಮಗಳ ಬಟ್ಟೆ ಮಡಿಸುತ್ತಾ ಕೂತು ಅಮ್ಮ ಮಗನ ಮಾತು ಅರ್ಥವಾಗದೆ ಕೇಳಿದೆ. ಏನೋ ಹಳೆಯದು ಎತ್ತಿ ಜಗಳಾಡುತ್ತಿದ್ದರು ಅನ್ನಿಸುತ್ತದೆ. ಇಬ್ಬರಿಗೂ ಬಹಳ ಖುಷಿಯಾಗಿತ್ತು.

ನಡುವೆ ಒಮ್ಮೆ ಜ್ವರ ಬಂತು, ಹೋಯಿತು. ಹೊರಡುವ ಒಂದು ತಿಂಗಳು ಮುಂಚೆಯೇ ಡಾಕ್ಟರರನ್ನು ಕಂಡು ಲಸಿಕೆಗಳನ್ನೂ ತೂಕಕ್ಕೆ ತಕ್ಕ ಜ್ವರದ ಔಷಧಿಯ ಅಳತೆಯನ್ನೂ ಬರೆಸಿಕೊಂಡದ್ದು ಉಪಯೋಗಕ್ಕೆ ಬಂತು. ಹೊರದೇಶದಲ್ಲಿ ಔಷಧಿಯ ಹೆಸರು ಬೇರೆ, ಶೀಸೆಯ ಅಳತೆ ಬೇರೆ. ಹಾಗಾಗಿ ಬ್ರ್ಯಾಂಡ್ ಹೆಸರಿನ ಬದಲು ಮೂಲ ಔಷಧಿಯ ಹೆಸರು ಬರೆಸಿಕೊಳ್ಳಿ.

ಹೊರಡುವ ದಿನ ಮಗಳಿಗೆ ಏನೂ ಅನ್ನಿಸಲಿಲ್ಲ. ಕಾರು ಬಂತು, ಅವಳಿಗೆ ಕಾರೆಂದರೆ ಖುಷಿ. ಕೈ ಬೀಸು ಅಂದರೆ ಬೀಸಿದಳು. ಅತ್ತೆ ಮಾವನ ಪಾಲಿಗೆ ಆ ದಿನ ಹಾಗಿರಲಿಲ್ಲ. ಈ ವಯಸ್ಸಿನ ಮಗು ಮುಂದಿನ ಸಲ ಬರುವಷ್ಟರಲ್ಲಿ ಬೇರೆಯೇ ಆಗಿರುತ್ತದೆ. ಈಗ ಹತ್ತಾರು ಮಾತು ಆಡುವವಳು ಆಗ ವಾದ ಮಾಡುತ್ತಾಳೆ. ಮುಚ್ಚಳ ಬೀಳಿಸಿ ನಗುವ ಹುಡುಗಿ ಆಗ ಇರುವುದಿಲ್ಲ. ದೂರದ ಅಜ್ಜ ಅಜ್ಜಿಯರು ಒಂದೇ ಮೊಮ್ಮಗುವನ್ನು ಹಲವು ಸಲ ಹೊಸದಾಗಿ ಪರಿಚಯ ಮಾಡಿಕೊಳ್ಳಬೇಕು, ಹಲವು ಸಲ ಕಳಿಸಿಕೊಡಬೇಕು. ಅವಳಿಗೆ ನೆನಪಿರದಿದ್ದರೆ ಇರದಿರಲಿ. ಮಾವನಿಗೆ ಎಷ್ಟು ಕ್ಲಿಪ್ಪು ಎಣಿಸಿದ್ದರು ಅನ್ನುವುದೂ ನೆನಪಿದೆ.

ಫೋನ್ ಕರೆಗಳು ಈಗ ಬೇರೆ ಥರ. ಮೊದಲು ಫೋನ್ ಹಿಡಿದರೆ ಓಡಿಹೋಗುತ್ತಿದ್ದಳು. ಈಗ ಅಡುಗೆಮನೆಗೆ ಓಡಿ ಒಂದು ಡಬ್ಬ, ಒಂದು ಮುಚ್ಚಳ ತಂದು ಪರದೆಯ ಮುಂದೆ ಕೂರುತ್ತಾಳೆ. ಅತ್ತೆಯೂ ಆ ಕಡೆ ಒಂದು ಡಬ್ಬ ಇಟ್ಟುಕೊಂಡಿರುತ್ತಾರೆ. ನಾನು ಫೋನನ್ನು ಗೋಡೆಗೆ ಒರಗಿಸಿಟ್ಟು ಎದ್ದು ಹೋಗುತ್ತೇನೆ.

ಮುಂದಿನ ಪ್ರಯಾಣದ ಮಾತು ಶುರುವಾಗಿದೆ. ಈ ಸಲ ಅಪ್ಪ ಮಗಳು ಇಬ್ಬರೇ ಹೋಗಿಬರಲಿ ಅಂತ ಹೇಳಿದ್ದೇನೆ. ಗಂಡ ಮೊದಲು ತಮಾಷೆ ಅಂದುಕೊಂಡ. ತಾಯಿ ತಂದೆಯರಲ್ಲಿ ಒಬ್ಬರೇ ಮಗುವನ್ನು ಗಡಿ ದಾಟಿಸುವಾಗ ಇನ್ನೊಬ್ಬರ ಒಪ್ಪಿಗೆ ಪತ್ರ ಕೇಳುವ ದೇಶಗಳಿವೆ. ಕೇಳದಿದ್ದರೂ ಇಟ್ಟುಕೊಂಡಿರುವುದು ಒಳ್ಳೆಯದು. ಹೋಗುವ ಬರುವ ತಾರೀಕು, ಮೂವರ ಪಾಸ್‌ಪೋರ್ಟ್ ನಂಬರು, ನನ್ನ ಫೋನ್ ನಂಬರು, ನೋಟರಿಯ ಮುಂದೆ ಸಹಿ. ಜೊತೆಗೆ ಮಗಳ ಜನನ ಪ್ರಮಾಣಪತ್ರ. ಅಪ್ಪ ಮಗಳ ಕೊನೆ ಹೆಸರು ಬೇರೆ ಬೇರೆ ಇದ್ದರಂತೂ ಅದು ಬೇಕೇ ಬೇಕು.

ಆ ಪತ್ರಕ್ಕೆ ಸಹಿ ಮಾಡುವುದು ಕಷ್ಟವಲ್ಲ. ಅವಳಿಗೆ ಏನು ಹಾಕಬೇಕು, ಯಾವಾಗ ಮಲಗಿಸಬೇಕು, ಅತ್ತರೆ ಏನು ಮಾಡಬೇಕು ಅಂತ ಗಂಡನಿಗೆ ಒಂದು ಪಟ್ಟಿ ಬರೆದುಕೊಡದೆ ಸುಮ್ಮನಿರುವುದು ಕಷ್ಟ. ಮಾತ್ರೆಗಳನ್ನು ಎತ್ತರದಲ್ಲಿಡಬೇಕು ಅನ್ನುವುದೊಂದನ್ನೇ ಬರೆಯೋಣ ಅಂತ ಕೂತವಳು, ಆಗಲೇ ಎರಡನೇ ಹಾಳೆಯಲ್ಲಿದ್ದೇನೆ.